ಹಸಿರು ಗೆರೆಗೊಬ್ಬ ಮುಖ್ಯ ಅತಿಥಿ

ಮೀನುಗಾರಿಕೆಯ ಮಳೆಗಾಲದ ರಜೆ ಮುಗಿದು ಬೋಟುಗಳು ಮತ್ತೆ ಕಡಲಿಗಿಳಿದ ವಾರ. ಆಫೀಸಿನ ಕ್ಯಾಂಟೀನಿನಲ್ಲಿ ಊಟಕ್ಕೆ ಕುಳಿತಿದ್ದೆ. ಬಂದರಿನಲ್ಲಿ ಮೀನು ಇಳಿಸುವ ದಕ್ಕೆಯಿಂದ ತಾಂಡೇಲರೊಬ್ಬರ ಫೋನ್ ಬಂತು. ತಾಂಡೇಲ ಎಂದರೆ ಬೋಟು ನಡೆಸುವವರು, ಕಡಲಿನಲ್ಲಿ ಅವರದೇ ಕೊನೆಯ ಮಾತು. ನಾವು ಮಾತಾಡುವುದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಅಕ್ಕ, ನಿಮ್ಮ ಆ್ಯಪಲ್ಲಿ ಹಸಿರು ಗೆರೆ ಉಂಟು. ಗೆರೆ ಇದ್ದಲ್ಲಿ ನೀರೇ ಇಲ್ಲ."

"ನೀರಿಲ್ಲ ಅಂದ್ರೆ ಎಂತ?"

"ಇಲ್ಲ ಅಂದ್ರೆ ಇಲ್ಲ. ಬೋಟು ಮರಳಲ್ಲಿ ಕೂತಿತು. ಬೇರೆ ಬೋಟಿನವರು ಹಗ್ಗ ಹಾಕಿ ಎಳೆದದ್ದಕ್ಕೆ ಬಚಾವ್. ಅಡಿಯ ಫ್ಯಾನು ಬೆಂಡಾಗಿ ಹೋಗಿದೆ. ಗಾಳಿ ಇದ್ದಿದ್ರೆ ಇವತ್ತು ನಾನು ನಿಮಗೆ ಫೋನ್ ಮಾಡ್ತಾ ಇರಲಿಲ್ಲ."

ಊಟ ಅಲ್ಲಿಗೇ ಬಿಟ್ಟೆ. ನಮ್ಮ ಆ್ಯಪಿಗೆ ಇದ್ದದ್ದು ಒಂದೇ ಕೆಲಸ. ಬಂದರಿಗೆ ಬರುವ ಬೋಟು, ನದಿ ಕಡಲಿಗೆ ಸೇರುವ ಅಳಿವೆ ಬಾಗಿಲನ್ನು ದಾಟಿಯೇ ಬರಬೇಕು. ಅಲ್ಲಿನ ಮರಳು ಪ್ರತಿ ಮಳೆಗಾಲ ಮಗ್ಗುಲು ಬದಲಾಯಿಸುತ್ತದೆ. ಸರಿಯಾಗಿ ದಾಟಿ ಬಂದ ಬೋಟಿನ ಫೋನು ತನ್ನ ಜಾಡನ್ನು ಉಳಿದವರಿಗೆ ಹಂಚುತ್ತದೆ. ಹೊಸ ಜಾಡು ಹಸಿರಾಗಿ ಕಾಣುತ್ತದೆ, ಕೆಲವು ದಿನ ಕಳೆದ ಮೇಲೆ ಬೂದು ಬಣ್ಣಕ್ಕೆ ತಿರುಗುತ್ತದೆ. ಹಸಿರಿನಲ್ಲಿ ಬನ್ನಿ, ಬೂದನ್ನು ನಂಬಬೇಡಿ, ಇಷ್ಟೇ. ಇದರ ಕೋಡ್ ಎಲ್ಲರಿಗೂ ತೆರೆದದ್ದು, ಯಾರು ಬೇಕಾದರೂ ಓದಬಹುದು, ತಿದ್ದಬಹುದು, ನಕಲು ಮಾಡಿಕೊಂಡು ತಮ್ಮದೇ ಒಂದನ್ನು ನಡೆಸಬಹುದು. ಪರವಾನಗಿಯಲ್ಲಿ ಹಾಗೆಂದು ಬರೆದೇ ಇದೆ.

ಸಂಜೆ ಮನೆಗೆ ಬಂದವಳೇ ಹುಡುಕಲು ಕುಳಿತೆ. ನನ್ನ ಹಳೆಯ ಫೋನಿನಲ್ಲಿ ಆ್ಯಪ್ ತೆರೆದರೆ ಹೋದ ಮೇ ತಿಂಗಳ ಜಾಡುಗಳೆಲ್ಲ ನಿನ್ನೆ ಮೊನ್ನೆಯವೋ ಎಂಬಂತೆ ಹಚ್ಚಹಸಿರು. ಇಂಥ ತಪ್ಪನ್ನು ಹುಡುಕಲು ಒಂದು ಕ್ರಮವಿದೆ. ಸರಿಯಾಗಿದ್ದ ಹಳೆಯ ಕೋಡನ್ನೂ ಕೆಟ್ಟುಹೋದ ಇಂದಿನ ಕೋಡನ್ನೂ ಇಟ್ಟುಕೊಂಡು ನಡುವಿನದೊಂದನ್ನು ಪರೀಕ್ಷಿಸುವುದು. ಅದು ಸರಿಯಿದ್ದರೆ ತಪ್ಪು ಮುಂದಿನ ಅರ್ಧದಲ್ಲಿ, ಇಲ್ಲದಿದ್ದರೆ ಹಿಂದಿನ ಅರ್ಧದಲ್ಲಿ. ಹೀಗೆ ಅರ್ಧರ್ಧ ಮಾಡುತ್ತ ಹೋದರೆ ಕೊನೆಗೆ ಒಂದೇ ಒಂದು ಬದಲಾವಣೆ ಉಳಿಯುತ್ತದೆ. ಉಳಿಯಿತು. ಅದರ ಶೀರ್ಷಿಕೆ 'ಪದಾಧಿಕಾರಿಗಳ ಭಾವಚಿತ್ರ ಅಳವಡಿಕೆ'.

ಓದಿ ನನಗೆ ನಗು ಬರಲಿಲ್ಲ. ಆ್ಯಪ್ ತೆರೆದ ಕೂಡಲೇ ನಮ್ಮ ಸಮಿತಿಯ ಪದಾಧಿಕಾರಿಗಳ ಫೋಟೋಗಳು ಕಾಣಬೇಕೆಂದು ಹಿಂದಿನ ಸಭೆಯಲ್ಲಿ ನಿರ್ಣಯವಾಗಿತ್ತು. ಫೋಟೋ ಹಾಕಿದ ಮೇಲೆ ಆ್ಯಪ್ ತೆರೆಯುವುದು ನಿಧಾನವಾಯಿತು. ಅದನ್ನು ಚುರುಕು ಮಾಡಲು, ಪ್ರತಿ ಸಲ ಜಾಡಿನ ತಾರೀಖು ನೋಡಿ ಬಣ್ಣ ಹಚ್ಚುವ ಹೆಜ್ಜೆಯನ್ನೇ ಕಿತ್ತುಹಾಕಿದ್ದರು. ಒಮ್ಮೆ ಹಚ್ಚಿದ ಬಣ್ಣವನ್ನು ಫೋನು ಹಾಗೆಯೇ ಇಟ್ಟುಕೊಳ್ಳುತ್ತಿತ್ತು. ಫೋಟೋ ಬೇಗ ಬರಲಿ ಎಂದು ಮರಳಿನ ಲೆಕ್ಕ ಬಿಟ್ಟ ಈ ಮಹಾನುಭಾವರು ನಮ್ಮ ಪ್ರಧಾನ ಕಾರ್ಯದರ್ಶಿಗಳು. ಅವರು ಬರೆದ ಮೊದಲ ಕೋಡ್ ಅದು. ತಾವು ಬರೆದದ್ದನ್ನು ತಾವೇ ಒಪ್ಪಿ, ತಾವೇ ಸೇರಿಸಿದ್ದರು.

ಈ ಸಮಿತಿ ಎಲ್ಲಿಂದ ಬಂತೆಂದು ಹೇಳಬೇಕು. ಆ್ಯಪಿನ ಮೊದಲ ರೂಪವನ್ನು ಬರೆದವರು ಗಲ್ಫಿನಲ್ಲಿ ಹಡಗುಗಳ ಉಪಕರಣ ನೋಡಿಕೊಂಡು ಊರಿಗೆ ಮರಳಿದ ಒಬ್ಬ ಹಿರಿಯರು, ನಮ್ಮ ಸ್ಥಾಪಕರು. ಅವರ ಕೋಡ್ ಚೊಕ್ಕವಾಗಿತ್ತು, ಓದಿದರೆ ಕೈ ಮುಗಿಯಬೇಕೆನ್ನಿಸುತ್ತಿತ್ತು. ಅದನ್ನು ನೋಡಿಯೇ ನಾನು ಸೇರಿಕೊಂಡೆ, ನಂತರದ ಹೆಚ್ಚಿನ ಭಾಗವನ್ನು ಬರೆದವಳು ನಾನೇ. ಬೋಟಿನವರು ಬಳಸತೊಡಗಿದರು, ಪತ್ರಿಕೆಯಲ್ಲಿ ಸುದ್ದಿ ಬಂತು. ಸುದ್ದಿ ಬಂದ ಮೇಲೆ ಜನ ಬಂದರು. ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವ ಒಬ್ಬರು ಎಲ್ಲಿಯೋ ಒಂದು ಸಮ್ಮೇಳನಕ್ಕೆ ಹೋಗಿ 'ಗವರ್ನೆನ್ಸ್' ಎಂಬ ಶಬ್ದ ಕಲಿತು ಬಂದು, ನಮಗೊಂದು ಬೈಲಾ ಬರೆದು ಪ್ರಧಾನ ಕಾರ್ಯದರ್ಶಿಯಾದರು. ಪಂಪ್‌ವೆಲ್ ವೃತ್ತದ ಹತ್ತಿರ ಹೋಟೆಲ್ ಇರುವ ಒಬ್ಬರು ಸಭೆಗೆ ಎಸಿ ಹಾಲ್ ಬಿಟ್ಟುಕೊಟ್ಟು ಗೌರವಾಧ್ಯಕ್ಷರಾದರು. ಉಪಾಧ್ಯಕ್ಷರು, ಸಂಚಾಲಕರು, ಸಲಹೆಗಾರರು ಯಾಕೆ ಬಂದರೆಂದು ನನಗೆ ಈಗಲೂ ಗೊತ್ತಿಲ್ಲ.

ನಮ್ಮ ಊರಿನಲ್ಲಿ ನಾಲ್ಕು ಜನ ಸೇರಿದರೆ ಸಮಿತಿ, ಸಮಿತಿಯಾದರೆ ಸನ್ಮಾನ. ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ. ಭಜನೆಗೂ ಕ್ರಿಕೆಟಿಗೂ ಅದರಿಂದ ತೊಂದರೆಯಿಲ್ಲ, ನಾನೂ ಅಂಥ ಹಾರಗಳಿಗೆ ಚಪ್ಪಾಳೆ ತಟ್ಟಿದ್ದೇನೆ. ಆದರೆ ಇವರು ಶಾಲಿನ ಜೊತೆಗೆ ಕೋಡಿನ ಕೀಲಿಯನ್ನೂ ಹೊದಿಸತೊಡಗಿದರು. ಪದಾಧಿಕಾರಿಯಾದವನಿಗೆ ಆ್ಯಪಿನ ಕೋಡಿಗೆ ಬದಲಾವಣೆ ಸೇರಿಸುವ ಹಕ್ಕು ತನ್ನಿಂತಾನೇ ಸಿಗುತ್ತಿತ್ತು. ಒಮ್ಮೆ ಕೊಟ್ಟ ಹಕ್ಕನ್ನು ವಾಪಸು ಪಡೆಯುವಂತಿಲ್ಲ, ಅದು ಮನುಷ್ಯನಿಗೆ ಮಾಡುವ ಅವಮಾನ. ಹೋಟೆಲಿನ ಗೌರವಾಧ್ಯಕ್ಷರ ಪಾಸ್‌ವರ್ಡ್ ಇದ್ದದ್ದು ಅವರ ಮ್ಯಾನೇಜರನ ಹತ್ತಿರ. ಮೂರು ಕಾಸಿನ ಪ್ರಯೋಜನವಿಲ್ಲದ ಈ ಮಂದಿಯ ನಡುವೆ ನನ್ನ ಸ್ಥಾನ 'ಮಹಿಳಾ ಪ್ರತಿನಿಧಿ'. ಕಾರ್ಯಕ್ರಮಗಳಲ್ಲಿ ವಂದನಾರ್ಪಣೆ ನನ್ನ ಪಾಲಿಗೆ.

ತಾರೀಖು ನೋಡುವ ಹೆಜ್ಜೆಯನ್ನು ವಾಪಸು ತಂದೆ. ಮತ್ತೆ ಯಾರೂ ಅದನ್ನು ಕೀಳದಂತೆ ಒಂದು ಪರೀಕ್ಷೆಯನ್ನೂ ಬರೆದೆ: ಹಳೆಯ ಜಾಡೊಂದನ್ನು ಕೊಟ್ಟರೆ ಬೂದು ಬರಲೇಬೇಕು, ಬಾರದಿದ್ದರೆ ಕೋಡ್ ಮುಂದೆ ಹೋಗುವುದಿಲ್ಲ. ಫೋಟೋಗಳನ್ನು ಮುಟ್ಟಲಿಲ್ಲ, ಜಗಳ ಬೇಡವೆಂದು. ಕೆಲವೇ ಸಾಲಿನ ಕೆಲಸ. ಸೇರಿಸಲು ಹೋದರೆ ಆಗಲಿಲ್ಲ, ಕಾರ್ಯದರ್ಶಿಗಳು ಅಲ್ಲೊಂದು ತಡೆ ಹಾಕಿಟ್ಟಿದ್ದರು. ಪದಾಧಿಕಾರಿಯೊಬ್ಬರು ಬರೆದದ್ದನ್ನು ಹಿಂದೆಗೆಯಬೇಕಾದರೆ ಕಾರ್ಯಕಾರಿ ಸಮಿತಿಯ ಒಪ್ಪಿಗೆ ಬೇಕೆಂದು ಬೈಲಾದಲ್ಲಿತ್ತಂತೆ.

ಕಾರ್ಯದರ್ಶಿಗಳಿಗೆ ಫೋನ್ ಮಾಡಿದೆ.

"ಮೇಡಂ, ನಿಮ್ಮ ಕಳಕಳಿ ನನಗೆ ಅರ್ಥ ಆಗ್ತದೆ," ಎಂದರು. "ಆದರೆ ಪ್ರೊಸೀಜರ್ ಅಂತ ಒಂದು ಉಂಟಲ್ಲ? ಶನಿವಾರ ಸಭೆ ಕರೀತೇನೆ."

"ಸರ್, ಅಷ್ಟರೊಳಗೆ ಇನ್ನೊಂದು ಬೋಟು ಮರಳಿಗೆ ಕೂತ್ರೆ?"

"ಅದಕ್ಕೇ ಅಲ್ವಾ ತುರ್ತು ಸಭೆ ಅಂತ ಕರೆಯುವುದು?"

ಶನಿವಾರದ ಸಭೆಯಲ್ಲಿ ಗೋಳಿಬಜೆ ಬಿಸಿಯಾಗಿತ್ತು. ಆ ಸಭೆಯ ಬಗ್ಗೆ ಹೇಳಬಹುದಾದ ಒಳ್ಳೆಯ ಮಾತು ಅದೊಂದೇ. ನಾನು ಎರಡು ಫೋನುಗಳನ್ನು ಮೇಜಿನ ಮೇಲಿಟ್ಟು ತೋರಿಸಿದೆ, ಒಂದರಲ್ಲಿ ಸುಳ್ಳು ಹಸಿರು, ಇನ್ನೊಂದರಲ್ಲಿ ನನ್ನ ತಿದ್ದುಪಡಿಯ ಬೂದು. ಸಲಹೆಗಾರರೊಬ್ಬರು ಮೊದಲ ಫೋನನ್ನು ಕೈಗೆತ್ತಿಕೊಂಡು ತಮ್ಮ ಫೋಟೋ ಬರುವವರೆಗೆ ಕಾದು, "ಇದರಲ್ಲಿ ಚಂದ ಬಂದಿದೆ," ಎಂದರು.

ಕಾರ್ಯದರ್ಶಿಗಳ ಮುಖ ಸಣ್ಣದಾಗಿತ್ತು. "ನನ್ನ ಕೋಡ್ ತೆಗೀಲಿಕ್ಕೆ ನನ್ನ ಅಭ್ಯಂತರ ಇಲ್ಲ," ಎಂದರು, "ಆದರೆ ತೆಗೆದದ್ದು ಕೋಡಿನ ಹಿಸ್ಟರಿಯಲ್ಲಿ ಶಾಶ್ವತವಾಗಿ ಉಳೀತದೆ. ನಾಳೆ ನನ್ನ ವಿದ್ಯಾರ್ಥಿಗಳು ನೋಡ್ತಾರೆ."

ಎಲ್ಲರೂ ಅಯ್ಯೋ ಪಾಪ ಎಂಬಂತೆ ತಲೆಯಾಡಿಸಿದರು. ಬೋಟಿನಲ್ಲಿದ್ದವರ ಬಗ್ಗೆ ಅಷ್ಟೊತ್ತಿನವರೆಗೆ ಆ ತಲೆಗಳು ಅಲ್ಲಾಡಿರಲಿಲ್ಲ. ಕೊನೆಗೆ ಗೌರವಾಧ್ಯಕ್ಷರಿಗೆ ಹೊಳೆಯಿತು.

"ಎಂತಕ್ಕೆ ತಲೆಬಿಸಿ? ತೆಗೆಯುವುದು ಅಂತ ಹೇಳುವುದೇ ಬೇಡ. ಹೊಸ ಆವೃತ್ತಿ ಅಂತ ಮಾಡುವಾ. ವಾರ್ಷಿಕೋತ್ಸವ ಹೇಗೂ ಉಂಟು, ಒಬ್ಬರು ಮುಖ್ಯ ಅತಿಥಿಯನ್ನು ಕರೆದು ಬಿಡುಗಡೆ ಮಾಡಿಸಿದ್ರೆ ಆಯ್ತು. ಯಾರಿಗೂ ಬೇಜಾರಿಲ್ಲ."

"ಯಾವಾಗ ವಾರ್ಷಿಕೋತ್ಸವ?" ಎಂದು ಕೇಳಿದೆ.

"ಅಷ್ಟಮಿ ಕಳೀಲಿ. ಅತಿಥಿಗಳಿಗೆ ಅಲ್ಲಿವರೆಗೆ ಬೇರೆ ಬೇರೆ ಕಾರ್ಯಕ್ರಮ ಉಂಟಂತೆ."

"ಅಲ್ಲಿವರೆಗೆ ಬೋಟಿನವರು ಎಂತ ಮಾಡಬೇಕು?"

"ಗ್ರೂಪಿನಲ್ಲಿ ಒಂದು ಮೆಸೇಜ್ ಹಾಕುವಾ. ಜಾಗ್ರತೆಯಲ್ಲಿ ಹೋಗಿ ಅಂತ."

ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು. ನಾನು ವಿರೋಧಿಸಿದ್ದೆ, ಆದರೂ ಸರ್ವಾನುಮತ. ಅದೇ ಸಭೆಯಲ್ಲಿ ವಾರ್ಷಿಕೋತ್ಸವದಂದು ದಕ್ಕೆಯ ಹಿರಿಯ ತಾಂಡೇಲರೊಬ್ಬರನ್ನು ಸನ್ಮಾನಿಸುವುದೆಂದೂ ತೀರ್ಮಾನಿಸಿದರು. ಅವರು ನಮ್ಮ ಆ್ಯಪನ್ನು ಎಲ್ಲರಿಗಿಂತ ಮೊದಲು ಬಳಸಿದವರು.

ಉಳಿದದ್ದು ಒಂದೇ ದಾರಿ. ಹೊಸ ರೂಪವನ್ನು ಫೋನುಗಳಿಗೆ ಕಳಿಸಬೇಕಾದರೆ ಅದಕ್ಕೆ ಗುಟ್ಟಿನ ಡಿಜಿಟಲ್ ಸಹಿ ಬೇಕು. ಸಹಿ ಹೊಂದಿದರೆ ಮಾತ್ರ ಫೋನು ಹಳೆಯದರ ಮೇಲೆ ಹೊಸದನ್ನು ಒಪ್ಪಿಕೊಳ್ಳುತ್ತದೆ. ಆ ಸಹಿ ಇದ್ದ ಪೆನ್‌ಡ್ರೈವ್ ಬಿಕರ್ನಕಟ್ಟೆಯಲ್ಲಿ ಸ್ಥಾಪಕರ ಮನೆಯಲ್ಲಿತ್ತು. ಭಾನುವಾರ ಬೆಳಿಗ್ಗೆ ಹೋದೆ. ಅವರು ದೇವರ ಕೋಣೆಯಿಂದಲೇ ಅದನ್ನು ತಂದು ತೋರಿಸಿದರು. ಆಯುಧ ಪೂಜೆಯಲ್ಲಿ ಹಚ್ಚಿದ ಕುಂಕುಮ ಅದರ ಮೇಲೆ ಒಣಗಿಕೊಂಡಿತ್ತು. ತೋರಿಸಿದರು, ಕೊಡಲಿಲ್ಲ.

"ಸರ್, ನಿಮಗೆ ಗೊತ್ತುಂಟು. ತಾರೀಖು ನೋಡುವ ಆ ಹೆಜ್ಜೆ ನೀವೇ ಬರೆದದ್ದು. ಒಂದು ಸಹಿ ಹಾಕಿ ಸಾಕು. ಸಮಿತಿಗೆ ನಾನು ಹೇಳ್ತೇನೆ."

"ನೀನು ಹೇಳುವುದು ಸರಿ ಮಾರಾಯ್ತಿ," ಎಂದರು. "ಆದರೆ ಅವನಿಗೆ ಬೇಜಾರಾಗ್ತದೆ. ನಾಳೆ ಅವ ಬಿಟ್ಟು ಹೋದ್ರೆ ಈ ಸಂಘಟನೆ ಯಾರು ನಡೆಸುವುದು? ನನಗೆ ಪ್ರಾಯ ಆಯ್ತು."

"ಬೋಟು ಮುಳುಗಿದ್ರೆ ಸಂಘಟನೆ ಎಂತಕ್ಕೆ ಸರ್?"

"ಹಾಗೆಲ್ಲ ಬಾಯಲ್ಲಿ ಹೇಳಬಾರದು. ದೇವರಿದ್ದಾನೆ. ಚಾ ಕುಡಿ."

ಚಾ ಕುಡಿದೆ. ಅಷ್ಟು ಚೊಕ್ಕವಾಗಿ ಕೋಡ್ ಬರೆದ ಮನುಷ್ಯ, ಒಬ್ಬ ಮೇಷ್ಟ್ರ ಮುಖ ಸಣ್ಣದಾಗುವುದಕ್ಕೆ ಹೆದರಿ ಕುಳಿತದ್ದನ್ನು ನೋಡಿ ನನಗೆ ಸಿಟ್ಟಿಗಿಂತ ಹೇಸಿಗೆಯೇ ಹೆಚ್ಚಾಯಿತು. ಉಳಿದವರಿಗೆ ಗೊತ್ತಿರಲಿಲ್ಲ, ಇವರಿಗೆ ಗೊತ್ತಿತ್ತು. ಗೇಟು ದಾಟಿ ಹೊರಗೆ ಬರುವಷ್ಟರಲ್ಲಿ ನಾನು ತೀರ್ಮಾನ ಮಾಡಿದ್ದೆ.

ತೆರೆದ ಕೋಡಿನ ಜಗತ್ತಿನಲ್ಲಿ ಇದಕ್ಕೆ ಫೋರ್ಕ್ ಎನ್ನುತ್ತಾರೆ. ಇಡೀ ಕೋಡನ್ನು ನಕಲು ಮಾಡಿಕೊಂಡು ಬೇರೆ ಹೆಸರಿನಲ್ಲಿ ಬೇರೆಯಾಗುವುದು. ನಕಲು ಮಾಡುವುದೇನೋ ಒಂದು ಗುಂಡಿ ಒತ್ತುವ ಕೆಲಸ, ಕಷ್ಟ ಶುರುವಾಗುವುದು ಆಮೇಲೆ. ನನ್ನದಕ್ಕೆ ಹೊಸ ಸಹಿ, ಹಾಗಾಗಿ ಫೋನುಗಳ ದೃಷ್ಟಿಯಲ್ಲಿ ಅದು ಯಾರೋ ಅಪರಿಚಿತರ ಆ್ಯಪ್. ತಾನಾಗಿ ಯಾರ ಫೋನಿಗೂ ಹೋಗುವುದಿಲ್ಲ. ಜಾಡುಗಳು ಸಂಗ್ರಹವಾಗುವ ಸರ್ವರ್ ಸಮಿತಿಯ ಕೈಯಲ್ಲಿ. ನಾನು ಬೇರೆ ಸರ್ವರ್ ಹಿಡಿದೆ, ಫೋಟೋಗಳನ್ನೆಲ್ಲ ಕಿತ್ತೆಸೆದೆ (ಆ ಹೊತ್ತಿನ ಸಂತೋಷವನ್ನು ಮುಚ್ಚಿಡುವುದಿಲ್ಲ), ಹಳೆಯ ಆ್ಯಪಿನಿಂದ ಜಾಡುಗಳನ್ನು ಹೊರತೆಗೆದು ತಾರೀಖಿನ ಸಮೇತ ಹೊಸದಕ್ಕೆ ತುಂಬುವ ಒಂದು ಸಲಕರಣೆ ಬರೆದೆ. ಸಮಿತಿಗೆ ರಾಜೀನಾಮೆ ಕಳಿಸಿದೆ. ಗ್ರೂಪಿನಲ್ಲಿ ಕಾರ್ಯದರ್ಶಿಗಳ ಹೇಳಿಕೆ ಬಂತು, 'ಸಂಘಟನೆಯನ್ನು ಒಡೆಯುವ ಶಕ್ತಿಗಳ ಬಗ್ಗೆ ಎಚ್ಚರವಿರಲಿ' ಎಂದು. ಬೋಟಿನವರಿಗೆ ಮರಳಿನ ಎಚ್ಚರಿಕೆ ಕೊಡಲು ವಾರ ತೆಗೆದುಕೊಂಡವರು ಇದನ್ನು ಮಧ್ಯಾಹ್ನದೊಳಗೆ ಹಾಕಿದ್ದರು.

ಆಮೇಲೆ ಪ್ರತಿದಿನ ಬೆಳಿಗ್ಗೆ ಆಫೀಸಿಗೆ ಹೋಗುವ ಮೊದಲು ದಕ್ಕೆಗೆ ಹೋಗತೊಡಗಿದೆ. ಮೀನು ಇಳಿಸುವ ಗಡಿಬಿಡಿ, ಐಸ್ ಒಡೆಯುವ ಸದ್ದು, ಬುಟ್ಟಿ ಹೊತ್ತು ಓಡುವವರು. ನಡುವೆ ನಾನು ಲ್ಯಾಪ್‌ಟಾಪ್ ಹಿಡಿದು ಒಂದೊಂದು ಬೋಟಿನ ತಾಂಡೇಲರನ್ನು ಹುಡುಕುತ್ತ. ಮೊದಲು ಫೋನ್ ಮಾಡಿದ್ದ ತಾಂಡೇಲರು ಬೋಟು ರಿಪೇರಿಗೆ ನಿಂತಿದ್ದರಿಂದ ನನ್ನ ಜೊತೆಗೆ ಬಂದರು. ಅವರಿಲ್ಲದಿದ್ದರೆ ನನ್ನನ್ನು ಯಾರೂ ಹತ್ತಿರ ಸೇರಿಸುತ್ತಿರಲಿಲ್ಲ. ಕೆಲವರ ಫೋನಿನಲ್ಲಿ ಜಾಗವಿರಲಿಲ್ಲ, ಮದುವೆಯ ವೀಡಿಯೋ ಅಳಿಸಲು ಮನಸ್ಸಿರಲಿಲ್ಲ. ಗಾಜು ಒಡೆದ ಫೋನುಗಳ ಮೇಲೆ ಒದ್ದೆ ಬೆರಳು ಓಡುತ್ತಿರಲಿಲ್ಲ. 'ಈ ಆ್ಯಪ್ ಅಪಾಯಕಾರಿಯಾಗಿರಬಹುದು' ಎಂದು ಫೋನು ಕೆಂಪು ಅಕ್ಷರದಲ್ಲಿ ಎಚ್ಚರಿಸಿದಾಗ ಕೆಲವರು ಫೋನನ್ನು ನನ್ನ ಕೈಯಿಂದ ಕಿತ್ತುಕೊಂಡದ್ದೂ ಉಂಟು. ಸುಳ್ಳು ಹಸಿರು ತೋರಿಸುವ ಆ್ಯಪಿಗೆ ಫೋನಿನ ಒಪ್ಪಿಗೆಯಿತ್ತು, ನನ್ನದಕ್ಕೆ ಕೆಂಪಕ್ಷರ.

ಆದರೂ ದಿನ ಕಳೆದಂತೆ ಹೆಚ್ಚಿನ ಬೋಟುಗಳು ಬದಲಾದವು. ಬದಲಾಗದೆ ಉಳಿದವರಲ್ಲಿ ಮುಖ್ಯರಾದವರು ಸನ್ಮಾನಕ್ಕೆ ಆಯ್ಕೆಯಾಗಿದ್ದ ಹಿರಿಯ ತಾಂಡೇಲರು. ಹಲವು ದಿನಗಳ ಪ್ರಯಾಣಕ್ಕೆ ಹೊರಟಿದ್ದ ಅವರ ಬೋಟಿಗೆ ಐಸ್ ತುಂಬಿಸುತ್ತಿದ್ದರು. ಫೋನ್ ಕೇಳಿದರೆ ಅಂಗಿಯ ಜೇಬಿನ ಮೇಲೆ ಕೈಯಿಟ್ಟುಕೊಂಡರು.

"ಇಲ್ಲ ಮಗಾ. ಅವರು ನನಗೆ ಶಾಲು ಹಾಕ್ತಾರೆ. ಆಮಂತ್ರಣದ ಕಾಗದದಲ್ಲಿ ನನ್ನ ಫೋಟೋ ಬಂದಿದೆ. ಈಗ ಅವರದ್ದನ್ನು ತೆಗೆದು ನಿನ್ನದನ್ನು ಹಾಕಿದ್ರೆ ನಾನು ಯಾವ ಮುಖದಲ್ಲಿ ಸ್ಟೇಜಿಗೆ ಹತ್ತುವುದು?"

"ತಪ್ಪು ತೋರಿಸ್ತಾ ಉಂಟು ಅದು. ಇವರ ಬೋಟು ಕೂತದ್ದು ನಿಮಗೆ ಗೊತ್ತುಂಟಲ್ಲ?"

"ಇವನಿಗೆ ಬೋಟು ಬಿಡ್ಲಿಕ್ಕೆ ಗೊತ್ತಿಲ್ಲ," ಎಂದರು ನನ್ನ ಪಕ್ಕದಲ್ಲಿದ್ದವರನ್ನು ನೋಡಿ. "ಶಾಲು ಹಾಕಿಸಿಕೊಂಡ ಮೇಲೆ ಬಾ. ಆಮೇಲೆ ನೋಡುವಾ."

ಬೋಟು ಹೋಯಿತು. ಅದರಲ್ಲಿ ಅವರ ಜೊತೆ ಬೇರೆ ಮನೆಗಳ ಗಂಡಸರೂ ಇದ್ದರು, ಅವರ್ಯಾರಿಗೂ ಶಾಲು ಇರಲಿಲ್ಲ.

ವಾರ್ಷಿಕೋತ್ಸವ ಒಂದು ಭಾನುವಾರ ಬಂತು. ಹಾಲಿನ ಹೊರಗೆ ಫ್ಲೆಕ್ಸ್ ಎದ್ದಿತ್ತಂತೆ. ನಾನು ಹೋಗಲಿಲ್ಲ, ದಕ್ಕೆಯಲ್ಲಿದ್ದೆ. ಮೊದಲ ತಾಂಡೇಲರ ಬೋಟು ರಿಪೇರಿ ಮುಗಿದು ನೀರಿಗಿಳಿದಿತ್ತು, ಅದರ ಮೇಲೆ ಕುಳಿತು ಒಬ್ಬರ ಫೋನಿಗೆ ಆ್ಯಪ್ ಹಾಕುತ್ತಿದ್ದೆ. ಕಡಲಿನ ಕಡೆಯಿಂದ ಗಾಳಿ ಜೋರಾಗಿತ್ತು. ಅಷ್ಟರಲ್ಲಿ ವಯರ್‌ಲೆಸ್‌ನಲ್ಲಿ ಹಿರಿಯ ತಾಂಡೇಲರ ದನಿ ಕೇಳಿತು. ಅಳಿವೆಯ ಹೊರಗಿದ್ದೇನೆ, ಒಳಗೆ ಬರುತ್ತೇನೆ, ಹಾಲಿಗೆ ತಡವಾಗುತ್ತದೆ ಎನ್ನುತ್ತಿದ್ದರು.

ಮೊದಲ ತಾಂಡೇಲರು ವಯರ್‌ಲೆಸ್ ಎತ್ತಿಕೊಂಡರು. "ಈಗ ಬೇಡ ಅಣ್ಣ. ಇಳಿತ ಉಂಟು. ನೀರು ಏರುವವರೆಗೆ ಹೊರಗೇ ನಿಲ್ಲಿ."

"ನಿಂತ್ರೆ ಮಧ್ಯಾಹ್ನ ಆಗ್ತದೆ. ಹೆಂಡತಿ ಮಕ್ಕಳೆಲ್ಲ ಹಾಲಲ್ಲಿ ಕಾಯ್ತಾ ಇದ್ದಾರೆ. ನನ್ನದರಲ್ಲಿ ಹಸಿರು ಉಂಟು, ನಾನು ಬರ್ತೇನೆ."

"ಅದು ಸುಳ್ಳು ಹಸಿರು ಅಣ್ಣ!"

"ನಿನಗೆ ಎಲ್ಲ ಸುಳ್ಳೇ."

ಆ ಗಾಳಿಯಲ್ಲಿ ಮರಳಿಗೆ ಕುಳಿತ ಬೋಟನ್ನು ಅಲೆ ಪಕ್ಕಕ್ಕೆ ಉರುಳಿಸಿಬಿಡುತ್ತದೆ, ಎಳೆಯಲು ಹೋಗುವ ಬೋಟಿಗೂ ಹತ್ತಿರ ಸೇರಲಾಗುವುದಿಲ್ಲ. ವಯರ್‌ಲೆಸ್ ನನ್ನ ಕೈಗೆ ತೆಗೆದುಕೊಂಡೆ. ವಾದ ಮಾಡಿ ಪ್ರಯೋಜನವಿಲ್ಲವೆಂದು ಗೊತ್ತಿತ್ತು. ಆ್ಯಪಿನಲ್ಲಿ ಯಾವುದೇ ಗೆರೆಯನ್ನು ಒತ್ತಿ ಹಿಡಿದರೆ ಅದು ಯಾವ ಬೋಟಿನ ಜಾಡು, ಯಾವ ತಾರೀಖಿನದು ಎಂದು ತೋರಿಸುತ್ತದೆ. ಕಾರ್ಯದರ್ಶಿಗಳ ಕೈ ಆ ಭಾಗದವರೆಗೆ ಹೋಗಿರಲಿಲ್ಲ.

"ನಾನು ಮಾತಾಡುವುದು," ಎಂದೆ. "ನಿಮ್ಮ ಆ್ಯಪನ್ನೇ ನಂಬಿ, ನನ್ನದು ಬೇಡ. ನೀವು ಹಿಡಿದ ಹಸಿರು ಗೆರೆಯ ಮೇಲೆ ಬೆರಳು ಒತ್ತಿ ಹಿಡಿಯಿರಿ. ಎಂತ ಬರ್ತದೆ ಓದಿ."

ಅವರು ಹುಡುಗನೊಬ್ಬನಿಗೆ ಚುಕ್ಕಾಣಿ ಹಿಡಿಯಲು ಹೇಳಿದ್ದು ಕೇಳಿಸಿತು.

"ಓದಿದ್ರಾ?"

"ನನ್ನ ಬೋಟಿನ ಹೆಸರೇ ಉಂಟು," ಎಂದರು. ಅದರ ಕೆಳಗಿನದನ್ನು ಓದಿ, "ಮೇ ತಿಂಗಳು ಅಂತ ಉಂಟು."

"ಅದು ನೀವೇ ಹೋದ ಸೀಸನಿನಲ್ಲಿ ಬಂದ ದಾರಿ. ಮಳೆಗಾಲದ ಮೊದಲಿನದ್ದು."

ನಾವು ಮೂವರೂ ವಯರ್‌ಲೆಸ್ ಪೆಟ್ಟಿಗೆಯನ್ನೇ ನೋಡುತ್ತ ಕುಳಿತೆವು. ಆಮೇಲೆ ಅವರ ದನಿ, ನಮಗಲ್ಲ, ಅವರ ಹುಡುಗರಿಗೆ ಕೇಳಿಸಿತು. ಎಂಜಿನಿನ ವೇಗ ಇಳಿಸಿ, ಹೊರಗೆ ತಿರುಗಿಸಿ ಎನ್ನುತ್ತಿದ್ದರು.

ನೀರು ಏರಿದ ಮೇಲೆ, ಹೊಸ ಆ್ಯಪ್ ಇದ್ದ ಇನ್ನೊಂದು ಬೋಟಿನ ಬೆನ್ನು ಹಿಡಿದು ಅವರು ಒಳಗೆ ಬಂದರು. ಅಷ್ಟರಲ್ಲಿ ಹಾಲಿನಲ್ಲಿ ಎಲ್ಲವೂ ಸಾಂಗವಾಗಿ ನಡೆದಿತ್ತು. ನಂತರ ವೀಡಿಯೋದಲ್ಲಿ ನೋಡಿದೆ. ಮುಖ್ಯ ಅತಿಥಿ ಲ್ಯಾಪ್‌ಟಾಪಿನ ಒಂದು ಗುಂಡಿ ಒತ್ತಿದರು, ಪರದೆಯ ಮೇಲೆ ಹೂ ಸುರಿಯಿತು, ಚಪ್ಪಾಳೆ. ಅವರು ಒತ್ತಿದ್ದು ಹೂ ಸುರಿಯುವ ಗುಂಡಿ ಮಾತ್ರ. ನನ್ನ ತಿದ್ದುಪಡಿ ಇದ್ದ ಹೊಸ ಆವೃತ್ತಿ ಫೋನುಗಳಿಗೆ ತಲುಪಿದ್ದು ಮತ್ತೂ ಕೆಲವು ದಿನಗಳ ಮೇಲೆ, ಮುಖ್ಯ ಅತಿಥಿಯ ಫೋಟೋವನ್ನೂ ಸೇರಿಸಿಕೊಂಡು. ಸನ್ಮಾನಿತರು ಬಾರದ್ದರಿಂದ ಶಾಲನ್ನು ಅವರಿಗೆಂದು ಇಟ್ಟಿದ್ದ ಕುರ್ಚಿಗೆ ಹೊದಿಸಿ, ಕುರ್ಚಿಗೇ ಹಾರ ಹಾಕಿದ್ದರು. ಬದುಕಿದ್ದ ಮನುಷ್ಯನ ಕುರ್ಚಿಗೆ ಹಾರ ಹಾಕುವಾಗ ಅಷ್ಟು ಪದಾಧಿಕಾರಿಗಳಲ್ಲಿ ಒಬ್ಬರಿಗೂ ಕಸಿವಿಸಿಯಾಗಲಿಲ್ಲ.

ಹಿರಿಯ ತಾಂಡೇಲರು ದಕ್ಕೆಗೆ ಕಾಲಿಟ್ಟವರೇ ಜೇಬಿನಿಂದ ಫೋನ್ ತೆಗೆದು ನನ್ನ ಕೈಯಲ್ಲಿಟ್ಟರು. ಹೊಸ ಆ್ಯಪ್ ಹಾಕಿ ಮುಗಿಸಿ ಕೊಡುವಾಗ ಕೇಳಿದರು:

"ನಾಳೆ ನಿನ್ನದರಲ್ಲಿ ತಪ್ಪು ಬಂದ್ರೆ ಎಂತ ಮಾಡುವುದು?"

"ನನಗೆ ಫೋನ್ ಮಾಡಿ."

"ನೀನು ಎತ್ತದಿದ್ರೆ?"

ಒಳ್ಳೆಯ ಪ್ರಶ್ನೆಯೇ. ನನಗೆ ಇಷ್ಟವಾಗಲಿಲ್ಲ, ಆದರೂ ಮನೆಗೆ ಹೋಗುವ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ. ಸಮಿತಿಯವರನ್ನು ಬೈಯುವುದು ಸುಲಭ, ನಾನು ಮನಸಾರೆ ಬೈದಿದ್ದೇನೆ, ಈಗಲೂ ಬೈಯುತ್ತೇನೆ. ಆದರೆ ನನ್ನ ಆ್ಯಪಿನ ಸಹಿ ಇದ್ದದ್ದು ನನ್ನೊಬ್ಬಳ ಹತ್ತಿರ, ಅದಕ್ಕೆ ಕುಂಕುಮ ಹಚ್ಚಿರಲಿಲ್ಲ ಎಂಬುದಷ್ಟೇ ವ್ಯತ್ಯಾಸ. ಆ ವಾರ ಕೆಲವು ನಿಯಮ ಮಾಡಿದೆ. ಪದಾಧಿಕಾರಿಗಳು ಇಲ್ಲ. ಬರೆದವರೇ ತಮ್ಮ ಕೋಡನ್ನು ಒಪ್ಪುವಂತಿಲ್ಲ, ನಾನೂ ಸೇರಿ. ಸಹಿಯ ಪ್ರತಿಯನ್ನು ಉಡುಪಿಯಲ್ಲಿರುವ ನನ್ನ ಹಳೆಯ ಸಹೋದ್ಯೋಗಿಯೊಬ್ಬಳಿಗೂ ಕೊಟ್ಟೆ. ಕೊನೆಯದಾಗಿ, ಅಳಿವೆಯಲ್ಲಿ ಎರಡು ಬೋಟಿನವರು ಮರಳು ತಾಗಿತೆಂದು ಗುಂಡಿ ಒತ್ತಿದರೆ ಎಲ್ಲರ ಫೋನಿನಲ್ಲೂ ಆ ಗೆರೆ ತಕ್ಷಣ ಬೂದಾಗಬೇಕು. ಅದಕ್ಕೆ ಯಾರ ಒಪ್ಪಿಗೆಯೂ ಬೇಡ. ಒತ್ತಿದವರನ್ನು ಬಿಟ್ಟು ಬೇರೆ ಯಾರೂ, ನಾನು ಕೂಡ, ಅದನ್ನು ಮತ್ತೆ ಹಸಿರು ಮಾಡುವಂತಿಲ್ಲ. ಕೋಡಿನಲ್ಲಿಯೇ ಹಾಗೆ ಬರೆದು ನನ್ನ ಕೈಯನ್ನು ನಾನೇ ಕಟ್ಟಿಕೊಂಡೆ.

ಚಳಿಗಾಲದಲ್ಲಿ ನಾನೊಂದು ಹೊಸ ಸುಧಾರಣೆ ತಂದೆ. ಬೇರೆ ಬೇರೆ ಬೋಟುಗಳ ಅಂಕುಡೊಂಕಾದ ಜಾಡುಗಳನ್ನು ಸೇರಿಸಿ ಒಂದೇ ನಯವಾದ ಗೆರೆಯಾಗಿ ತೋರಿಸುವ ಲೆಕ್ಕಾಚಾರ. ತಿಂಗಳುಗಟ್ಟಲೆ ಕುಳಿತು ಮಾಡಿದ್ದು. ಉಡುಪಿಯವಳು ಓದಿ ಮೆಚ್ಚಿ ಒಪ್ಪಿದಳು, ಪರೀಕ್ಷೆಗಳೆಲ್ಲ ಪಾಸಾದವು. ನನಗೆ ಅದರ ಮೇಲೆ ಬಹಳ ಹೆಮ್ಮೆಯಿತ್ತು. ಮರುದಿನ ಆಫೀಸಿನ ಮೀಟಿಂಗಿನಲ್ಲಿದ್ದಾಗ ಫೋನ್ ತೆರೆದು ನೋಡುತ್ತೇನೆ, ನನ್ನ ನಯವಾದ ಗೆರೆ ಅಳಿವೆಯ ಈ ತುದಿಯಿಂದ ಆ ತುದಿಯವರೆಗೆ ಬೂದು.

ಮೈ ಉರಿಯಿತು. ನನ್ನನ್ನು ಒಂದು ಮಾತು ಕೇಳಬಾರದೆ! ಗುಂಡಿ ಒತ್ತಿದವರ ಹೆಸರು ನೋಡಿದೆ, ಇಬ್ಬರಲ್ಲಿ ಒಬ್ಬರು ಹಿರಿಯ ತಾಂಡೇಲರು. ಮೀಟಿಂಗಿನಿಂದ ಎದ್ದು ಹೊರಗೆ ಬಂದು ಫೋನ್ ಮಾಡಿದೆ.

"ಹೌದು, ನಾನೇ ಮಾಡಿದ್ದು," ಎಂದರು. "ನಿನ್ನ ಗೆರೆ ಚಂದ ಉಂಟು. ಆದರೆ ತಿರುವಿನಲ್ಲಿ ಸೀದಾ ಮರಳಿನ ಮೇಲೇ ಹೋಗ್ತದೆ. ಅಡಿ ಸ್ವಲ್ಪ ತಾಗಿತು, ಜೋರಿಲ್ಲ. ಹಿಂದೆ ಇನ್ನೂ ಬೋಟು ಬರ್ತಾ ಇದ್ವು, ಒತ್ತಿಬಿಟ್ಟೆ. ನಿನಗೆ ಬೇಜಾರಾಯ್ತಾ ಮಗಾ?"

ಆಗಿತ್ತು. ತುಂಬ ಆಗಿತ್ತು. ಹಿಂದೆ ಬರುತ್ತಿದ್ದ ಬೋಟುಗಳು ಎಲ್ಲಿವೆ ಎಂದು ಕೇಳಿದೆ. ಎಲ್ಲವೂ ಬಂದಿವೆ, ಮೀನು ಇಳಿಸುತ್ತಿದ್ದಾರೆ ಎಂದರು.

"ಬೇಜಾರಿಲ್ಲ," ಎಂದೆ ಹಲ್ಲು ಕಚ್ಚಿಕೊಂಡು. "ಇನ್ನೊಮ್ಮೆ ಹಾಗಾದ್ರೂ ಒತ್ತಿ."